ಡ್ಯಾನಿಯನ್ನು ಲೀಡ್ಸ್‌ಗೆ ಕೊಟ್ಟ ಬೇಸಿಗೆ

ಕೊಬ್ಬರಿ ಎಣ್ಣೆಯೂ ಹಳೆಯ ತೊಗಲೂ ಕೂಡಿದ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ಕಾಣೆ. ನನಗೆ ವಿದನ್‌ಶಾ ಎಂಬ ಇಂಗ್ಲಿಷ್ ಊರಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಕಣ್ಣೆದುರು ಬರುತ್ತದೆ. ಶನಿವಾರ ಮಧ್ಯಾಹ್ನ, ಆಸ್ಪತ್ರೆಯ ಲ್ಯಾಬಿನಲ್ಲಿ ರಜೆಯಿದ್ದರೆ, ಅವ್ವ ಅಲ್ಲಿ ಕೂತು ಮೊದಲು ನನ್ನ ತಲೆಗೆ ಎಣ್ಣೆ ತಿಕ್ಕಿ, ಅಂಗೈಯಲ್ಲಿ ಉಳಿದದ್ದನ್ನು ತನ್ನ ಆಟದ ತೊಗಲು ಗ್ಲೌಸಿಗೆ ಸವರುತ್ತಿದ್ದಳು. ಧಾರವಾಡದಲ್ಲಿ ಕಾಲೇಜು ಓದುವಾಗ ಅವಳು ಸಾಫ್ಟ್‌ಬಾಲ್ ಆಡುತ್ತಿದ್ದಳು. ಚೆಂಡು ಎಸೆಯುವ ಪಿಚರ್ ಅವಳೇ. ಮದುವೆಯಾಗಿ ಬಂದಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಆ ಗ್ಲೌಸೂ ಬಂದಿತ್ತಂತೆ. ಅಪ್ಪನಿಗೆ ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್ ಕೆಲಸ. ಆ ಗ್ಲೌಸ್ ಯಾಕೆಂದು ಅವರು ಕೇಳಿದವರಲ್ಲ.

ಒಂದು ಭಾನುವಾರ ಪಾರ್ಕಿನ ಪಕ್ಕ ನಡೆದುಹೋಗುವಾಗ, ಮರದ ಬ್ಯಾಟಿಗೆ ಚೆಂಡು ಬಡಿದ ಸದ್ದು ಕೇಳಿ ಅವ್ವ ನಿಂತುಬಿಟ್ಟಳು. ಹತ್ತು ಹನ್ನೆರಡು ಜನ ಗಂಡಸರು ಹೆಂಗಸರು ಸೇರಿ, ಅವ್ವನ ಸಾಫ್ಟ್‌ಬಾಲಿನಂಥದೇ ಆಟವಾದ ಬೇಸ್‌ಬಾಲ್ ಆಡುತ್ತಿದ್ದರು. ನಮ್ಮೂರಲ್ಲಿ ಹಾಗೊಂದು ತಂಡ ಇದೆಯೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ನಾವು ಅವರ ಪ್ರೇಕ್ಷಕರು. ಎಷ್ಟೋ ವಾರ ನಾವಿಬ್ಬರೇ ಪ್ರೇಕ್ಷಕರು. ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಸವರಿ ಸುತ್ತಿದ ಚಪಾತಿಗಳನ್ನು ಅವ್ವ ಡಬ್ಬಿ ತುಂಬ ಒಯ್ಯುತ್ತಿದ್ದಳು. ಅವರ ಪಿಚರ್ ಡ್ಯಾನಿ ಬಸ್ ಓಡಿಸುವವನು, ಉದ್ದ ಕೈಯ ಎಡಚ. ಅವನು ಎಸೆಯುವ ಮುನ್ನ ಅವ್ವನ ಭುಜವೂ ಸಣ್ಣಗೆ ಹಿಂದಕ್ಕೆ ಸರಿಯುವುದನ್ನು, ಬೆಂಚಿನ ಮೇಲೆ ಅವಳಿಗೆ ಒತ್ತಿ ಕೂತ ನಾನು ಮಾತ್ರ ಬಲ್ಲೆ.

ನನಗೆ ಹತ್ತು ವರ್ಷವಿದ್ದಾಗ, ಜೂನ್ ತಿಂಗಳ ಒಂದು ಭಾನುವಾರ ಡ್ಯಾನಿ ಇರಲಿಲ್ಲ. ಬ್ಯಾಟ್ ಹಿಡಿದವರ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವರು ನಮ್ಮ ತಂಡದಲ್ಲಿ ಯಾರೂ ಉಳಿದಿರಲಿಲ್ಲ. ಗುಡ್ಡದಾಚೆಯ ಲೀಡ್ಸ್ ನಗರದ ತಂಡದಲ್ಲಿ ಇಬ್ಬರಿದ್ದರು. ಅವರಲ್ಲಿ ಕೇಟಿ ಎಂಬ ಹುಡುಗಿಯನ್ನು ತೆಗೆದುಕೊಂಡು ಡ್ಯಾನಿಯನ್ನು ಕೊಟ್ಟೆವೆಂದು ಕ್ಯಾಪ್ಟನ್ ನಗುತ್ತಲೇ ಹೇಳಿದ. ಅವ್ವ ತೆರೆದ ಡಬ್ಬಿಯನ್ನು ಮುಚ್ಚಿದಳು. ಇಂಗ್ಲಿಷ್ ಕೈಕೊಟ್ಟು ಬಾಯಿಗೆ ಧಾರವಾಡವೇ ಬಂತು: "ಮಂದಿನ ಹಿಂಗ ಅದಲುಬದಲು ಮಾಡ್ತಾರೇನು? ಅವರೇನು ಸಾಮಾನೇನು?" ಕ್ಯಾಪ್ಟನ್ ನನ್ನ ಮುಖ ನೋಡಿದ. ನಾನು ಅನುವಾದ ಮಾಡಲಿಲ್ಲ.

ಆ ಸಂಜೆ ಅವ್ವ ಒಲೆ ಹಚ್ಚಲಿಲ್ಲ. "ಅದು ಬರೇ ಆಟ ಅದ, ಶಾಂತಾ. ಅಷ್ಟ್ಯಾಕ ಮನಸ್ಸಿಗೆ ಹಚ್ಕೋತಿ?" ಎಂದು ಅಪ್ಪ ಕೇಳಿದರು. ಅವ್ವ ಹೇಳಿದಳು: "ನಮ್ಮ ನಿಶ್ಚಯ ಆದ ವಾರ ನನ್ನನ್ನೂ ಟೀಮಿನಿಂದ ತಗದ್ರು. ಒಬ್ರೂ ಬಂದು ಹೇಳಲಿಲ್ಲ. ನೋಟಿಸ್ ಬೋರ್ಡಿನ್ಯಾಗ ನೋಡಿ ತಿಳೀತು." ಅಪ್ಪ ಎದ್ದುಹೋಗಿ ಅನ್ನಕ್ಕಿಟ್ಟರು. ಅವರು ಅಡುಗೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ವಾರಗಳಲ್ಲಿ ನಾವು ಪಾರ್ಕಿಗೆ ಹೋದೆವಾದರೂ ಅವ್ವ ಕೇಟಿಯ ಕಡೆ ತಿರುಗಿ ನೋಡಲಿಲ್ಲ. ಇಪ್ಪತ್ತರ ಆಸುಪಾಸಿನ, ಮೊಣಕಾಲಿಗೆ ದಪ್ಪ ಪ್ಯಾಡ್ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಒಬ್ಬಳೇ ಕೂರುತ್ತಿದ್ದ ಹುಡುಗಿ. ಡಬ್ಬಿ ಎಲ್ಲರ ಕೈಗೂ ಹೋಗಿ ಅವಳ ಹತ್ತಿರ ಬರುವಾಗ ಖಾಲಿಯಾಗಿರುತ್ತಿತ್ತು. ಅದು ತಾನಾಗಿ ಆಗುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು.

ಆಗಸ್ಟಿನಲ್ಲಿ ಎರಡು ತಂಡಗಳಿಗೂ ಲೀಡ್ಸ್‌ನಲ್ಲಿ ಪಂದ್ಯ. ಕೇಳದೆಯೇ ಅಪ್ಪ ಕಾರು ತೆಗೆದರು. ಗುಡ್ಡ ಹತ್ತಿ ಇಳಿಯುವ ಆ ಹೆದ್ದಾರಿಯಲ್ಲಿ ಮೋಡ ಗಾಜಿಗೆ ತಾಗುವಷ್ಟು ಕೆಳಗಿತ್ತು. ಅಲ್ಲಿ ಡ್ಯಾನಿ ಬೇರೆ ಬಣ್ಣದ ಅಂಗಿ ತೊಟ್ಟು ನಮ್ಮವರಿಗೇ ಎಸೆದ. ಅವನು ನಮ್ಮ ಮೊದಲ ಮೂವರನ್ನೂ ಔಟ್ ಮಾಡಿದಾಗ ನಮ್ಮ ಬೆಂಚಿನಿಂದ ಎದ್ದು ಚಪ್ಪಾಳೆ ತಟ್ಟಿದವಳು ಅವ್ವ ಒಬ್ಬಳೇ. ಆಟ ಮುಗಿದ ಮೇಲೆ ಅವನು ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ನನ್ನದೇನೂ ಚಿಂತೆಯಿಲ್ಲ ಶಾಂತಾ, ನಾನಾಗಿಯೇ ಒಪ್ಪಿ ಬಂದೆ. ಆದರೆ ಕೇಟಿಗೆ ಗೆಳತಿಯರೆಲ್ಲ ಇಲ್ಲೇ. ಅಲ್ಲಿ ಅವಳನ್ನು ಯಾರಾದರೂ ಮಾತಾಡಿಸುತ್ತಾರಾ?" ಎಂದ.

ಅವ್ವ ಅವನಿಗೆಂದೇ ಬೇರೆ ಕಟ್ಟಿ ತಂದಿದ್ದ ಚಪಾತಿಯ ಪೊಟ್ಟಣವನ್ನು ಹಿಡಿದುಕೊಂಡು ಮೈದಾನ ದಾಟಿ, ಪ್ಯಾಡ್ ಬಿಚ್ಚುತ್ತಿದ್ದ ಹುಡುಗಿಯ ಪಕ್ಕ ಕೂತಳು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕೇಟಿ ಒಂದು ತುತ್ತು ತಿಂದು, ಖಾರಕ್ಕೋ ಯಾಕೋ, ಕಣ್ಣೊರೆಸಿಕೊಂಡಳು.

ಆ ತಂಡ ಮತ್ತೆರಡು ಬೇಸಿಗೆ ನಡೆದು ನಿಂತುಹೋಯಿತು. ಆ ಮನೆ ಬಿಟ್ಟೆವು. ಅವ್ವ ಹೋಗಿ ಈಗ ಆರು ವರ್ಷ. ನೀವೂ ತಾಯಿಯನ್ನು ಕಳೆದುಕೊಂಡಿದ್ದರೆ ಬಲ್ಲಿರಿ, ದೊಡ್ಡ ಮಾತುಗಳು ಹೇಗೋ ಉಳಿದುಕೊಳ್ಳುತ್ತವೆ, ಜಾರಿಹೋಗುವುದು ಸಣ್ಣವು. ಅಂದು ಲೀಡ್ಸ್‌ನಿಂದ ಮರಳುವಾಗ ಅವಳು ಕಾರಿನಲ್ಲಿ ತಾನಾಗಿಯೇ ಹೇಳಿದ್ದಳು: "ನನ್ನ ಬದಲಿ ಬಂದಾಕಿ ಹೆಸರು ರೋಹಿಣಿ. ಪಾಪ, ಆಕಿ ಜೋಡಿ ನಾ ಒಂದ್ ಮಾತೂ ಆಡಲಿಲ್ಲ." ಆಮೇಲೆ ಧಾರವಾಡದ ಆ ತಂಡದ ಹುಡುಗಿಯರನ್ನೆಲ್ಲ, ಯಾರು ಎಲ್ಲಿ ನಿಲ್ಲುತ್ತಿದ್ದರೆಂದು ಬೆರಳು ಮಡಚುತ್ತ, ಒಬ್ಬೊಬ್ಬರಾಗಿ ಹೆಸರಿಸಿದಳು. ನಾನು ಹಿಂದಿನ ಸೀಟಿನಲ್ಲಿ ಅರೆನಿದ್ದೆಯಲ್ಲಿದ್ದೆ. ಗಂಗಾ, ಶಕುಂತಲಾ, ಇನ್ನೊಬ್ಬಳು ಮಲ್ಲಮ್ಮ. ಅಷ್ಟೇ ಉಳಿದಿವೆ. ಈಗ ಸೊಲಿಹಲ್‌ನಲ್ಲಿ ನನ್ನ ಜೊತೆಗಿರುವ ಅಪ್ಪನನ್ನು, ಉಳಿದ ಹೆಸರುಗಳು ನೆನಪಿವೆಯೇ ಎಂದು ಮೊನ್ನೆ ಕೇಳಿದೆ. ಅವರು ಕನ್ನಡಕ ತೆಗೆದು ಹೇಳಿದರು: "ನಾ ರಸ್ತೆ ನೋಡ್ಕೋತ ಇದ್ದೆ, ಮಗಳ."