ತಾಂಬೂಲದ ರೂಪಾಯಿ

ನಮ್ಮ ಮನೆಯ ಕಾಫಿಯನ್ನು ಯಾರಾದರೂ ಹೊಗಳಿದರೆ ನನಗೆ ಅನುಮಾನ ಬರುತ್ತಿತ್ತು. ಯುದ್ಧ ಮುಗಿದಿದ್ದರೂ ಸಕ್ಕರೆಗೆ ಇನ್ನೂ ರೇಷನ್ನು. ಬೆಲ್ಲ ಹಾಕಿ, ಪುಡಿಗಿಂತ ಚಿಕೋರಿಯನ್ನೇ ಹೆಚ್ಚು ಬೆರೆಸಿ ಕುಡಿಯುತ್ತಿದ್ದ ಕಾಲ. ಅಂಥದ್ದನ್ನು ಇನ್ಶೂರೆನ್ಸ್ ಕಂಪನಿಯಿಂದ ಬಂದ ಮನುಷ್ಯ ಎರಡನೆಯ ಲೋಟ ಕೇಳಿ ಕುಡಿದ. "ಆಹಾ, ಏನು ಘಮಘಮಾ ಅಂತಿದೆ ಅಮ್ಮಾ!" ಎಂದು ನಮ್ಮ ಅತ್ತೆಯನ್ನು ಹೊಗಳಿದ. ಇವನು ಒಳ್ಳೆಯದಕ್ಕೆ ಬಂದವನಲ್ಲ ಎಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನಗೆ ಆಗಲೇ ಗೊತ್ತಾಯಿತು.

"ಅನುಮಾನದ ಪಿಶಾಚಿ ಕಣೇ ನೀನು" ಎಂದು ನಮ್ಮವರು ಬೈಯುತ್ತಿದ್ದರು. ಮದುವೆಯಾಗಿ ಹಲಸೂರಿಗೆ ಬಂದು ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ಹಾಲಿನವಳಿಗೂ ಸೌದೆಯವನಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಆಗದಿದ್ದರೆ ಬೇಡ. ಹಾಲಿಗೆ ನೀರು ಬೆರೆಸುವುದಂತೂ ನಿಂತಿತ್ತು.

ನಮ್ಮವರು ಡಾಕ್ಟರು. ಬೆಳಿಗ್ಗೆಯೆಲ್ಲ ಹಲಸೂರಿನ ದವಾಖಾನೆಯಲ್ಲಿ ಕೂತು, ಮಧ್ಯಾಹ್ನದ ಮೇಲೆ ಕೆ.ಆರ್. ಪುರದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಅದಕ್ಕೆಂದೇ, ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಹಳೆಯ ಕಾರು ಕೊಂಡಿದ್ದರು. ಓಡಿಸುತ್ತಿದ್ದವರು ಬ್ಲಾಕ್‌ಪಳ್ಳಿಯ, ಅಂದರೆ ಈಗಿನ ಶಿವಾಜಿನಗರದ, ಸಾಬರು. ಮಾವನವರ ಕಾಲದಲ್ಲಿ ಇದೇ ಮನೆಯ ಜಟಕಾ ಹೊಡೆಯುತ್ತಿದ್ದು, ಆಮೇಲೆ ಕಾರು ಕಲಿತವರು.

ಕಾರಿದ್ದವರು ಗುರುತಿನವರ ಮನೆಯ ಮದುವೆಗೆ ಕಾರು ಕೊಡಬೇಕು. ಕೊಡದಿದ್ದರೆ ದುರಹಂಕಾರಿ ಎನ್ನಿಸಿಕೊಳ್ಳಬೇಕು. ಬಾಡಿಗೆಯ ಮಾತೇ ಇಲ್ಲ. ಮದುವೆಯವರು ಡ್ರೈವರಿಗೆ ತಾಂಬೂಲದಲ್ಲಿ ಒಂದು ರೂಪಾಯಿ ಇಟ್ಟು ಕೊಡುತ್ತಾರೆ, ಅಷ್ಟೇ. ಹಾಗೆ ಒಂದು ಮದುವೆಗೆ ಕೊಟ್ಟಾಗ, ಸಾಬರು ಕೆ.ಆರ್. ಪುರದಿಂದ ಹೆಣ್ಣುಗಂಡನ್ನು ಕರೆತರುವಾಗ ಮದರಾಸು ರಸ್ತೆಯಲ್ಲಿ ಎತ್ತೊಂದು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಕಾರು ಹುಣಸೆಮರಕ್ಕೆ ಗುದ್ದಿತು. ಗಂಡಿನ ಬಾಸಿಂಗ ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಕಾರಿನ ಮೂತಿ ಮಾತ್ರ ಅಪ್ಪಚ್ಚಿಯಾಗಿತ್ತು.

ಅದನ್ನು ನೋಡಲು ಬಂದವನೇ ಈ ಕಾಫಿಯ ಮಹಾಶಯ. ನಮ್ಮವರು ಮನೆಯಲ್ಲಿರಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ ಬಂದವನು ಜಗಲಿಯಲ್ಲಿ ಅತ್ತೆಯ ಜೊತೆ ಬೇಕಾದಷ್ಟು ಹೊತ್ತು ಕೂತ.

"ಮದ್ವೆ ಜೋರಾಗಿತ್ತೇನಮ್ಮಾ? ಕಾರು ಕೊಟ್ಟೋರಿಗೆ ಮರ್ಯಾದೆ ಮಾಡಿದ್ರಾ?"

"ಮಾಡ್ದೆ ಇರ್ತಾರೇನಪ್ಪಾ? ತಾಂಬೂಲದಲ್ಲಿ ಹದಿನೈದು ರೂಪಾಯಿ ಇಟ್ಕೊಟ್ರು! ಲಗ್ನದ ಕಾಲ ಬಂದ್ರೆ ಸಾಕು, ನಿಮ್ಮ ಕಾರೇ ಬೇಕು ಅಂತ ನಾಲ್ಕೈದು ಮನೆಯೋರು ಬಾಗಿಲು ಕಾಯ್ತಾರೆ."

ಕೊಟ್ಟದ್ದು ಒಂದು ರೂಪಾಯಿ. ಕಾರು ಮದುವೆಗೆ ಹೋದದ್ದು ಅದೇ ಮೊದಲು. ಆದರೆ ಹೊರಗಿನವರ ಮುಂದೆ ಮನೆಯ ಮಾನವನ್ನು ಒಂದು ಗೇಣು ಎತ್ತರಿಸಿ ಹೇಳುವುದು ಅತ್ತೆಯ ಅಭ್ಯಾಸ. ಆತ ತಲೆದೂಗುತ್ತಾ ಕೇಳಿಸಿಕೊಂಡು ಹೋದ.

ತಿಂಗಳ ಮೇಲೆ ಕಂಪನಿಯವರು ದುಡ್ಡು ಕೊಡುವುದಿಲ್ಲ ಎಂದು ಬರೆದರು. ನಮ್ಮವರು ಕಾಗದ ಹಿಡಿದು ಜಗಲಿಯಲ್ಲೇ ಕೂಗಾಡಿದರು. "ಸ್ವಂತಕ್ಕೆ ಅಂತ ಇನ್ಶೂರ್ ಮಾಡ್ಸಿ, ಮದ್ವೆಗಳಿಗೆ ಬಾಡಿಗೆ ಓಡಿಸ್ತಿದ್ದೀವಂತೆ! ಹದಿನೈದು ರೂಪಾಯಿ ತಗೊಂಡಿದ್ದೀವಂತೆ! ಏನ್ರೀ ಸಾಬ್ರೇ, ನೀವು ಒಂದೇ ರೂಪಾಯಿ ಅಂದ್ರಲ್ಲ?"

"ಒಂದೇ ಸಾಬ್. ಅಲ್ಲಾ ಕಸಮ್."

"ಹಾಗಾದ್ರೆ ಕಂಪನಿಯೋರಿಗೆ ಕನಸು ಬಿತ್ತಾ? ನಾನು ದವಾಖಾನೇಲಿ ಕೂತಿದ್ದಾಗ ಇನ್ನೆಲ್ಲೆಲ್ಲಿ ಓಡಿಸಿದ್ರಿ ಹೇಳಿ!"

ಸಾಬರು ಕಾರಿನ ಬೀಗದಕೈಯನ್ನು ಜಗಲಿಯ ಮೇಲಿಟ್ಟು ಹೊರಟುಹೋದರು.

"ಅದಕ್ಕೇ ದಿನಾ ಚಕ್ರಕ್ಕೆ ಗಾಳಿ ಹಾಕಿಸ್ಕೊಂಡ್ ಬರ್ತೀನಿ ಅಂತ ಹೋಗ್ತಿದ್ರು" ಎಂದು ಅತ್ತೆ ಒಳಗೆ ರಾಗ ಎಳೆದರು. ನನಗೆ ಮೈ ಉರಿದುಹೋಯಿತು. ಸಾಬರ ಗಾಳಿಯ ಮೇಲೆ ನನಗೂ ಅನುಮಾನವಿತ್ತು, ಸುಳ್ಳೇಕೆ ಹೇಳಲಿ. ಆದರೆ ಈ ಹದಿನೈದು ಎಲ್ಲಿ ಹುಟ್ಟಿತೆಂದು ನನ್ನ ಕಿವಿಯೇ ಕೇಳಿತ್ತು.

"ಹದಿನೈದು ಅಂದಿದ್ದು ನೀವೇ ಅತ್ತೆ. ಕಾಫಿ ಕುಡ್ಕೊಂಡ್ ಹೋದ್ನಲ್ಲ, ಅವನ ಹತ್ರ."

ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. "ನಮ್ಮನೆಗೆ ಬಂದು ನನ್ನ ಮೇಲೇ ಅನುಮಾನ ಪಡ್ತೀಯಾ?" ಎಂದರು. ಅವತ್ತು ಊಟಕ್ಕೆ ಏಳಲಿಲ್ಲ.

ನಮ್ಮವರು ಸೌತ್ ಪೆರೇಡಿನಲ್ಲಿದ್ದ ಕಂಪನಿಯ ಆಫೀಸಿಗೆ ಹೋಗಿ ವಿಚಾರಿಸಿದರು. ನಾನು ಹೇಳಿದ್ದೇ ನಿಜವಾಗಿತ್ತು. "ನಿಮ್ಮ ತಾಯಿ ಸುಳ್ಳು ಹೇಳಿದ್ರು ಅಂತ ಬರ್ಕೊಡಿ, ನೋಡೋಣ" ಎಂದು ಅಲ್ಲಿ ಹೇಳಿ ಕಳಿಸಿದ್ದರಂತೆ. ಮನೆಗೆ ಬಂದು ಪೆನ್ನು ಹಿಡಿದು ಸುಮ್ಮನೆ ಕೂತರು.

"ಬರ್ಯೋ" ಎಂದರು ಅತ್ತೆ. "ನಮ್ಮಮ್ಮ ಸುಳ್ಳುಬುರುಕಿ ಅಂತ ಬರಿ. ನಿಜಾನೇ ತಾನೇ."

ಬರೆದರು. ಕಂಪನಿಯವರು ಅದನ್ನೂ ನಂಬಲಿಲ್ಲ. ಅವರಿಗೆ ಬೇಕಾದಾಗ ಅತ್ತೆಯ ಮಾತು ಸತ್ಯ, ಬೇಡವಾದಾಗ ಸುಳ್ಳು. ಕೊಡಬಾರದೆಂದು ಮೊದಲೇ ತೀರ್ಮಾನಿಸಿಯೇ ಆತನನ್ನು ಕಳಿಸಿದ್ದರು ಎಂಬ ಅನುಮಾನ ನನಗೆ ಇಂದಿಗೂ ಇದೆ.

ದುಡ್ಡು ಹೋದರೆ ಹೋಗಲಿ, ಕಾರನ್ನು ಹೇಗೋ ರಿಪೇರಿ ಮಾಡಿಸಬಹುದಿತ್ತು. ಸಾಬರ ಹೆಸರನ್ನು ರಿಪೇರಿ ಮಾಡುವವರು ಯಾರು? ಜಗಲಿಯ ಕೂಗಾಟ ಬೀದಿಗೆಲ್ಲ ಕೇಳಿಸಿತ್ತು. ಡಾಕ್ಟರ ಕಾರನ್ನು ಕದ್ದು ಬಾಡಿಗೆಗೆ ಬಿಟ್ಟವರು ಎಂದು ಮಾತು ಹಬ್ಬಿ, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾರೂ ಅವರನ್ನು ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ. ನಮ್ಮವರು ಹೇಳಿ ಕಳಿಸಿದರೂ ಬರಲಿಲ್ಲ. ನಾನೇ ಹೋಗುತ್ತೇನೆ ಎಂದು ನಮ್ಮವರು ಹೊರಟಾಗ ಅತ್ತೆ ತಡೆದರು. "ನಾಲಿಗೆ ನನ್ದು ಕಣೋ. ನಾನೇ ಹೋಗ್ಬೇಕು" ಎಂದರು.

ಜಟಕಾ ಮಾಡಿಕೊಂಡು ನಾವಿಬ್ಬರೂ ಬ್ಲಾಕ್‌ಪಳ್ಳಿಗೆ ಹೋದೆವು. ಸಾಬರ ಹೆಂಡತಿ ಗಲ್ಲಿಯಲ್ಲೇ ಕುರ್ಚಿ ಹಾಕಿದರು, ಅತ್ತೆ ಕೂರಲಿಲ್ಲ. ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ರೂಪಾಯಿ ಇಟ್ಟು ಎರಡೂ ಕೈಯಲ್ಲಿ ಹಿಡಿದು, ಸುತ್ತಲ ಮನೆಯವರಿಗೆಲ್ಲ ಕೇಳುವಂತೆ ಹೇಳಿದರು: "ತಪ್ಪು ನನ್ದು ಸಾಬ್ರೇ. ಒಂದನ್ನ ಹದಿನೈದು ಅಂದೋಳು ನಾನು. ಮನೆಗೆ ಬನ್ನಿ."

ಸಾಬರು ಎಲೆಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ರೂಪಾಯಿಯನ್ನು ತಟ್ಟೆಯಲ್ಲೇ ಬಿಟ್ಟರು.

"ಇದು ಬ್ಯಾಡಮ್ಮಾ. ನಾಳೆ ಯಾರಾದ್ರೂ ಬಂದು ಕೇಳಿದ್ರೆ, ನೀವು ಎಷ್ಟು ಅಂತ ಹೇಳ್ತೀರೋ."

ಅತ್ತೆ ಆ ರೂಪಾಯಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಮಾರನೆಯ ದಿನ ಸಾಬರು ಕೆಲಸಕ್ಕೆ ಬಂದರು. ಎಷ್ಟೋ ವರ್ಷ ಇದ್ದರು. ಆದರೆ ಅತ್ತೆ ಏನು ಕೊಡಲು ಹೋದರೂ, ಹಬ್ಬದ ಹೋಳಿಗೆಯಾದರೂ ಸರಿ, "ಡಾಕ್ಟ್ರು ಬರ್ಲಿ ಅಮ್ಮಾ, ಅವರ ಮುಂದೆ ಕೊಡಿ" ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು.