ಪರ್ಸೆಫನಿ ಮತ್ತು ರೊಟ್ಟಿ ಬಡಿಯದ ಮೂರು ಬೆಳಗು

ಸುರಪುರಕ್ಕೆ ಬಂದ ಮೂರನೆಯ ದಿನ ಪಕ್ಕದ ಮನೆಯ ನೀಲಮ್ಮನವರು ಬಾಗಿಲು ತಟ್ಟದೆ ನೇರ ನನ್ನ ಅಡುಗೆಮನೆಗೆ ಬಂದರು. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿ, ಗಾಬರಿಯಿಂದ ನನ್ನ ಕಡೆ ತಿರುಗಿದರು.

"ಮನ್ಯಾಗ ಯಾರಿಗಿ ಜಡ್ಡಾಗ್ಯಾದ್ರಿ?"

ಜಡ್ಡು ಎಂದರೆ ಇಲ್ಲಿ ಕಾಯಿಲೆ. ಪಾತ್ರೆಯಲ್ಲಿದ್ದದ್ದು ಕುಚ್ಚಲಕ್ಕಿಯ ಗಂಜಿ, ಮಂಗಳೂರಿನಲ್ಲಿ ನಾವೆಲ್ಲ ದಿನಾ ಉಣ್ಣುವಂಥದ್ದೇ. "ಯಾರಿಗೂ ಏನೂ ಆಗಿಲ್ಲ, ಇದು ನಮ್ಮ ಊಟ" ಎಂದೆ. ಅವರು ನಂಬಲಿಲ್ಲ. ಅರ್ಧ ಗಂಟೆಯೊಳಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ನಮ್ಮ ಮನೆಗೆ ಬಂದವು. ಕಾಯಿಲೆ ಬಿದ್ದವರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾ, ಪೂರ್ತಿ ತಿನ್ನುವವರೆಗೆ ಎದುರೇ ಕುಳಿತಿದ್ದರು.

ಯಜಮಾನರಿಗೆ ವರ್ಗವಾಗಿ ನಾವು ಇಲ್ಲಿಯ ರಂಗಂಪೇಟೆಯಲ್ಲಿ ಮನೆ ಹಿಡಿದು ಈಗ ಒಂದು ವರ್ಷ ದಾಟಿತು. ಮಂಗಳೂರಿನಲ್ಲಿ ಕಿಟಕಿ ತೆರೆದರೆ ತೆಂಗಿನಗರಿ. ಇಲ್ಲಿ ತೆರೆದರೆ ಒಂದರ ಮೇಲೊಂದು ಯಾರೋ ಆಡುತ್ತಾ ಇಟ್ಟು ಮರೆತಂಥ ಬಂಡೆಗಳು. ಅಲ್ಲಿ ಹೆಂಚು, ಇಲ್ಲಿ ಮಾಳಿಗಿ. ಆ ಸಮತಟ್ಟಾದ ಮಾಡಿನ ಮೇಲೆ ಹಪ್ಪಳ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಕಟಕಟ ಒಣಗಿರುತ್ತದೆ. ಕರಾವಳಿಯಲ್ಲಿ ಮೋಡ ನೋಡಿಕೊಂಡು ಹಪ್ಪಳದ ಚಾಪೆ ಹೊತ್ತು ಒಳಗೆ ಹೊರಗೆ ಓಡಿದ ನನಗೆ ಇದು ದೊಡ್ಡ ಐಶ್ವರ್ಯವೆನಿಸಿತು. ಆದರೆ ಮಾತಿನಲ್ಲಿ ನಾನು ಬಹಳ ದಿನ ಬಡವಿಯೇ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ನನ್ನ ಕನ್ನಡ ಕೇಳಿ ನೀಲಮ್ಮನವರು, "ಅಕ್ಕಾರ, ನೀವು ಮಾತಾಡಿದ್ರ ರೇಡಿಯೋ ವಾರ್ತಾ ಕೇಳ್ದಂಗ ಆಗ್ತದ ನೋಡ್ರಿ" ಎಂದು ನಗುತ್ತಿದ್ದರು. ಸಂತೆಯಲ್ಲಿ ಮೊದಲ ಸಲ "ಹ್ಯಾಂಗ ಕೊಟ್ರಿ?" ಎಂದು ಬದನೆಕಾಯಿ ಕೊಂಡ ದಿನ ನಾನು ಮನೆಗೆ ಬಂದು ಕನ್ನಡಿ ನೋಡಿಕೊಂಡೆ.

ಇಷ್ಟಾದರೂ ಮಧ್ಯಾಹ್ನಗಳು ಉದ್ದವಾಗಿದ್ದವು. ಅವನ್ನು ತುಂಬಿದ್ದು ನನ್ನ ಒಂಬತ್ತು ವರ್ಷದ ಮಗಳು ಅನ್ವಿಯ ಒಂದು ಕಾಮಿಕ್ಸ್ ಪುಸ್ತಕ.

ಊರು ಬಿಡುವಾಗ ಅವಳ ಅತ್ತೆ ಕೊಟ್ಟ ಪುಸ್ತಕವದು, ಇಂಗ್ಲಿಷಿನದು. ಗ್ರೀಕರ ಪುರಾಣದ ದೇವತೆ ಪರ್ಸೆಫನಿಯನ್ನು ಅದರಲ್ಲಿ ಸೂಪರ್‌ಹೀರೋ ಮಾಡಿದ್ದಾರೆ. ಬೆನ್ನಿಗೆ ಹಾರುವ ನಿಲುವಂಗಿ, ಒಂದು ಬದಿ ಎಲೆಹಸಿರು, ಇನ್ನೊಂದು ಬದಿ ಕಪ್ಪು. ಹಿಮ್ಮಡಿ ಊರಿದರೆ ನೆಲ ಬಿರಿದು ಪಾತಾಳಕ್ಕೆ ದಾರಿಯಾಗುತ್ತದೆ. ಈ ಕಥೆಯನ್ನು ಏಳನೆಯ ಕ್ಲಾಸಿನಲ್ಲಿ ನಮ್ಮ ಸಿಸ್ಟರ್ ಹೇಳಿದ್ದರು. ಪರೀಕ್ಷೆಗೆ ಬರದ ಪಾಠವೆಂದು ನಾನು ಮರೆತಿದ್ದೆ.

ಕಳೆದ ಶ್ರಾವಣದ ಒಂದು ಮಧ್ಯಾಹ್ನ ನೀಲಮ್ಮನವರು ನಮ್ಮ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಾ ಕುಳಿತಿದ್ದಾಗ ಅನ್ವಿ ಪುಸ್ತಕ ಬಿಡಿಸಿದಳು. ಅವರು ಓರೆಗಣ್ಣಿನಲ್ಲಿ ನೋಡಿದರು.

"ಯಾರ್ರಿ ಈಕಿ? ಹಣಿಮ್ಯಾಗ ಕುಂಕುಮಿಲ್ಲ, ಕೈಯಾಗ ಬಳಿಯಿಲ್ಲ."

"ದೇವತೆ ಆಂಟಿ" ಎಂದಳು ಅನ್ವಿ.

"ದೇವಿನಾ?" ಅವರು ಮೊರ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಚಿತ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ನಗು ಬರಲಿಲ್ಲ. ಗ್ರೀಸ್ ದೇಶದಿಂದ ಹೊರಟವಳಿಗೆ ರಂಗಂಪೇಟೆಯ ಕಟ್ಟೆಯ ಮೇಲೆ ಮೊದಲ ನಮಸ್ಕಾರ ಸಂದಿತಲ್ಲ ಎನಿಸಿತು.

ಅಂದಿನಿಂದ ದಿನಕ್ಕೆ ನಾಲ್ಕೈದು ಪುಟ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹೆಸರು ನಾಲಿಗೆಗೆ ಹೊರಳದೆ ನೀಲಮ್ಮನವರು ಅವಳನ್ನು ಪರಸವ್ವ ಎಂದೇ ಕರೆದರು. ಪರಸವ್ವನ ಅಪ್ಪ, ತಾಯಿಗೆ ಒಂದು ಮಾತೂ ಹೇಳದೆ ಅವಳನ್ನು ಪಾತಾಳದ ರಾಜನಿಗೆ ಕೊಟ್ಟುಬಿಡುತ್ತಾನೆ. ತಾಯಿ ಡಿಮೀಟರ್ ಪೈರಿನ ದೇವತೆ. ಮಗಳು ವಾಪಸು ಬರುವ ತನಕ ಭೂಮಿಯ ಮೇಲೆ ಒಂದು ಕಾಳೂ ಮೊಳೆಯಕೂಡದು ಎಂದು ಕೈಯೆತ್ತಿ ನಿಲ್ಲುತ್ತಾಳೆ. ಆ ಚಿತ್ರ ಎರಡು ಪುಟ ತುಂಬಿದೆ. ಬರಡು ಹೊಲ, ಕೆದರಿದ ತಲೆ, ಆಕಾಶದಷ್ಟು ಎತ್ತರದ ತಾಯಿ.

ನೀಲಮ್ಮನವರು ಆ ಪುಟ ತಿರುಗಿಸಲು ಬಿಡಲಿಲ್ಲ.

"ಆಕಿ ಬಿಗಿ ಹಿಡದ್ಲು ಅಂತ ಎಲ್ಲಾ ನಿಂತತೇನ್ರಿ?"

"ಎಲ್ಲವೂ ನಿಂತಿತು. ದೇವರುಗಳಿಗೆ ಕೂಡ ನೈವೇದ್ಯ ಇಲ್ಲದಂತಾಯಿತು."

"ಶಾಣ್ಯಾಕಿ" ಎಂದು ಮೆಲ್ಲಗೆ ಮೆಚ್ಚಿದರು.

ಅವರ ಒಬ್ಬಳೇ ಮಗಳು ಭಾರತಿಯನ್ನು ಕಕ್ಕೇರಾಕ್ಕೆ ಕೊಟ್ಟಿದ್ದಾರೆಂದು ನನಗೆ ಗೊತ್ತಿತ್ತು. ಆದರೆ ಇಲ್ಲಿಯ ಪಂಚಮಿ ಗೊತ್ತಿರಲಿಲ್ಲ. ನಮ್ಮಲ್ಲಿ ನಾಗರಪಂಚಮಿ ಎಂದರೆ ಕಲ್ಲಿಗೆ ಹಾಲೆರೆದು, ಅರಸಿನದ ಎಲೆಯಲ್ಲಿ ಗಟ್ಟಿ ಎಂಬ ಕಡುಬು ಬೇಯಿಸಿ ಮುಗಿಸುವ ಹಬ್ಬ. ಇಲ್ಲಿ ಅದು ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಆದರೆ ತಾವಾಗಿ ಬರುವಂತಿಲ್ಲ, ತವರಿನಿಂದ ಒಬ್ಬರು ಹೋಗಿ ಕರೆಯಲೇಬೇಕು. ಭಾರತಿಗೆ ಅಣ್ಣತಮ್ಮಂದಿರಿಲ್ಲ, ಹೋಗಬೇಕಾದವರು ಅಪ್ಪ ಶರಣಪ್ಪನವರೇ. ಅವರು ಹೋಗುವುದಿಲ್ಲ ಎಂದು ಕುಳಿತಿದ್ದರು. ಬೇಸಿಗೆಯಲ್ಲಿ ಬೀಗರು ತಮ್ಮ ಗೃಹಪ್ರವೇಶಕ್ಕೆ ಮನೆಗೆ ಬಂದು ಕರೆಯದೆ ಫೋನಿನಲ್ಲಿ ಕರೆದಿದ್ದರಂತೆ.

ಗೋಡೆಯಾಚೆಯಿಂದ ಶರಣಪ್ಪನವರ ಮಾತು ಕೇಳುತ್ತಿತ್ತು: "ಫೋನಿನ್ಯಾಗ ಕರದವರ ಹೊಸ್ತಿಲಾ ನಾ ತುಳಿಯಂಗಿಲ್ಲ!"

ಮರುದಿನ ಬೆಳಿಗ್ಗೆ ನಾನು ತಡವಾಗಿ ಎದ್ದೆ. ಯಾಕೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಮನೆಯಲ್ಲಿ ಪಟಪಟ ರೊಟ್ಟಿ ಬಡಿಯುವ ಸದ್ದೇ ನನ್ನ ಗಡಿಯಾರ. ಅಂದು ಆ ಸದ್ದು ಇರಲಿಲ್ಲ.

ಓಡಿಹೋದೆ. ನೀಲಮ್ಮನವರು ತಣ್ಣಗಿನ ಒಲೆಯ ಮುಂದೆ, ತಲೆ ಬಾಚಿಕೊಳ್ಳದೆ, ಕಾಲು ಚಾಚಿ ಕುಳಿತಿದ್ದರು.

"ಆರಾಮ ಇಲ್ವಾ?"

"ನಂಗೇನಾಗ್ಯಾದ್ರಿ ಅಕ್ಕಾರ? ನಿಮ್ಮ ಪರಸವ್ವನ ಅವ್ವ ಮಾಡಿದ್ದ ಮಾಡೀನಿ. ಮಗಳು ಬರೋತನಕ ಹಿಟ್ಟಿಗಿ ಕೈ ಹಚ್ಚಂಗಿಲ್ಲ. ರೊಟ್ಟಿ ಹಬ್ಬಕ್ಕೂ ಹಚ್ಚಂಗಿಲ್ಲ."

ಪಂಚಮಿಯ ಜೊತೆಗೇ ಬರುವ ರೊಟ್ಟಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಅಂದು ಪ್ರತಿ ಮನೆಯಿಂದಲೂ ಬಗೆಬಗೆಯ ರೊಟ್ಟಿ, ಪಲ್ಯ ಓಣಿಯ ಎಲ್ಲ ಮನೆಗಳಿಗೂ ಹೋಗಬೇಕು. ಶರಣಪ್ಪನವರ ಮನೆಯಿಂದ ಹೋಗದಿದ್ದರೆ ಓಣಿಗೇ ಸುದ್ದಿ. ಒಂದು ವರ್ಷವೂ ಆಗದ ಬಾಡಿಗೆಯವಳು ನಾನು, ಒಂದು ಮಕ್ಕಳ ಪುಸ್ತಕ ಓದಿ ಒಂದು ಸಂಸಾರದ ಒಲೆ ಆರಿಸಿದೆನೇ?

ಒಂದು ದಿನ ಹೋಯಿತು, ಎರಡು ಹೋದವು. ಶರಣಪ್ಪನವರು ಖಾನಾವಳಿಯ ಊಟಕ್ಕೆ ಹೋಗಿ ಬರುತ್ತಿದ್ದರು. ನಾನು ಕೊಟ್ಟ ಅನ್ನವನ್ನು ನೀಲಮ್ಮನವರು ಬೇಡವೆನ್ನದೆ ಉಂಡರು. "ಆಕಿ ದೇವಿರಿ, ಉಪಾಸ ಇರ್ತಾಳ. ನಂಗ ಹಸಿವಾಗ್ತದ." ಮೂರನೆಯ ಬೆಳಿಗ್ಗೆ ಶರಣಪ್ಪನವರೇ ನಮ್ಮ ಬಾಗಿಲಿಗೆ ಬಂದರು. ಆರಡಿ ಆಳು, ಕಿರಾಣಿ ಅಂಗಡಿಯಲ್ಲಿ ಗದರಿದರೆ ಇಡೀ ಬೀದಿ ಕೇಳಿಸಿಕೊಳ್ಳುತ್ತದೆ. ಅಂದು ಚಪ್ಪಲಿ ನೋಡುತ್ತಾ ನಿಂತರು.

"ಅಕ್ಕಾರ, ಆ ಬುಕ್ಕಿನ್ಯಾಗ ಅಪ್ಪ ಅನ್ನಾವ ಕಡೀಕ ಏನ್ ಮಾಡ್ತಾನ್ರಿ?"

ಸುಳ್ಳು ಹೇಳಲು ಸಿಸ್ಟರುಗಳು ನನಗೆ ಕಲಿಸಿರಲಿಲ್ಲ. "ಸೋಲುತ್ತಾನೆ. ಮಗಳನ್ನು ಕರೆತರಲು ಒಬ್ಬ ದೂತನನ್ನು ಕಳಿಸುತ್ತಾನೆ."

"ತಾ ಹೋಗಂಗಿಲ್ಲೇನು?"

"ಇಲ್ಲ."

"ಹಂಗಾದ್ರ ಆವಾ ಎಂಥಾ ಅಪ್ಪರಿ?" ಎಂದು ಹೆಗಲ ಮೇಲಿನ ಟವೆಲ್ ಕೊಡವಿ ಹೊರಟರು. ಗಾಡಿಯ ಸದ್ದು ಕಕ್ಕೇರಾದ ರಸ್ತೆ ಹಿಡಿದದ್ದು ಗೋಡೆಯ ಎರಡೂ ಬದಿಗೆ ಕೇಳಿಸಿತು. ನೀಲಮ್ಮನವರು ಗೋಡೆಯಾಚೆಯಿಂದಲೇ ಕೂಗಿದರು: "ಅಕ್ಕಾರ, ಸ್ವಲ್ಪ ಎಣ್ಣಿ ಕೊಡ್ರಿ, ತಲಿ ಬಾಚ್ಕೋತೀನಿ."

ಸಂಜೆಗೆ ಭಾರತಿ ಗಾಡಿಯಿಂದಿಳಿದಳು. ಹಿಂದೆಯೇ ಜೋಳದ ಹಿಟ್ಟು ಹರಿವಾಣಕ್ಕೆ ಬಿತ್ತು. ಆ ರಾತ್ರಿಯೂ ಮರುದಿನವೂ ಆ ಮನೆಯಲ್ಲಿ ಎಷ್ಟು ರೊಟ್ಟಿ ಬೆಂದವೋ, ನಾನು ಲೆಕ್ಕ ಇಡಲಿಲ್ಲ. ಹಬ್ಬದ ದಿನ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು, ರೊಟ್ಟಿ ಕೊಟ್ಟು, "ಆ ದೇವಿ ಪಟ ತೋರ್ಸ್ರಿ" ಎಂದು ಕೇಳಿ ನೋಡಿಹೋದರು. ಯಾರೂ ಆಕೆಯನ್ನು ಪರದೇಶದವಳು ಎನ್ನಲಿಲ್ಲ. ಪರಸವ್ವ ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದಿದ್ದರಿಂದ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಗೇ ಮರಳಬೇಕಾಯಿತು ಎಂದರೆ, ವಿವರಿಸುವ ಅಗತ್ಯವೇ ಬೀಳಲಿಲ್ಲ. "ಉಂಡ ಮನಿ, ಬಿಡಾಕ ಬರ್ತದೇನ್ರಿ?" ಎಂದರು ಒಬ್ಬ ಅಜ್ಜಿ.

ಭಾರತಿ ಹೊರಡುವ ದಿನ ನೀಲಮ್ಮನವರು ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಇಟ್ಟು ಉಡಿ ತುಂಬಿದರು. ಆಮೇಲೆ ಅವಳು ನಮ್ಮ ಮನೆಗೆ ಬಂದು ಪುಸ್ತಕ ತೆಗೆದುಕೊಂಡಳು. ಪಿಯುಸಿ ಓದಿದ ಹುಡುಗಿ, ಇಂಗ್ಲಿಷ್ ಕೂಡಿಸಿ ಓದುತ್ತಾಳೆ. ನಾನು ಅವಳ ಅವ್ವನಿಗೆ ತೋರಿಸದೆ ಬೇಗ ಮಗುಚಿಬಿಟ್ಟಿದ್ದ ಒಂದು ಪುಟದಲ್ಲಿ ಅವಳ ಬೆರಳು ನಿಂತಿತು. ಪಾತಾಳದಲ್ಲಿ ಪರ್ಸೆಫನಿ ಕಪ್ಪು ಕಲ್ಲಿನ ಸಿಂಹಾಸನದ ಮೇಲೆ ಕುಳಿತಿದ್ದಾಳೆ, ಸಾವಿರ ನೆರಳುಗಳು ಅವಳಿಗೆ ತಲೆಬಾಗಿವೆ.

"ಇಲ್ಲಿ ಈಕಿ ಅಳಾಕತ್ತಿಲ್ರಿ."

"ಇಲ್ಲ. ಅಲ್ಲಿ ಅವಳು ರಾಣಿ."

"ಈ ಪುಟ ನಮ್ಮವ್ವಗ ತೋರ್ಸೀರೇನು?"

ಇಲ್ಲವೆಂದೆ.

"ತೋರ್ಸಬ್ಯಾಡ್ರಿ." ಉಡಿಯ ಗಂಟು ಬಿಗಿಮಾಡುತ್ತಾ ತಲೆ ತಗ್ಗಿಸಿ ಹೇಳಿದಳು. "ನಂಗ ಅಲ್ಲೂ ಛಲೋ ಅನಸ್ತದ. ನಮ್ಮತ್ತಿ ಮಷೀನ್ ಕೊಡಿಸ್ಯಾಳ, ಹೊಲಿಗಿ ಹಾಕ್ತೀನಿ. ಊರ ಮಂದಿ ಹೆಸರ್ಹಿಡಿದು ಮಾತಾಡಸ್ತಾರ. ಆದ್ರ ಅವ್ವ ಮೂರು ದಿನ ಒಲಿ ಹಚ್ಚಿಲ್ಲ. ಹ್ಯಾಂಗ ಹೇಳಲಿ?"

ಅಂದು ಸಂಜೆ ಮಂಗಳೂರಿನಿಂದ ಅಮ್ಮ ಫೋನ್ ಮಾಡಿದಳು. ಎಂದಿನ ಪ್ರಶ್ನೆ, ಅಲ್ಲಿ ನಿನಗೆ ಬೇಜಾರಾಗುವುದಿಲ್ಲವಾ ಎಂದು. "ಆಗುತ್ತದೆ ಅಮ್ಮ" ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಲ್ಲೂ ನನಗೆ ಚೆನ್ನಾಗಿದೆ ಎಂದು ಹೇಳಿರಲಿಲ್ಲ; ನನಗೆ ಬೇಜಾರೆಂದು ಕೇಳುವುದೇ ಅವಳಿಗೆ ಸಮಾಧಾನವೆಂದು ಅಷ್ಟು ದಿನ ಅಂದುಕೊಂಡಿದ್ದೆ.

ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಭಾರತಿಯನ್ನು ಕೇಳಿದೆ. "ಬರೀರಿ" ಎಂದು ನಕ್ಕಳು, "ನಮ್ಮವ್ವಗ ಓದಾಕ ಬರಂಗಿಲ್ಲ."

ನನ್ನ ಅಮ್ಮನಿಗೆ ಬರುತ್ತದೆ. ಕನ್ನಡಕ ಹಾಕಿಕೊಂಡು ಒಂದಕ್ಷರವೂ ಬಿಡದೆ ಓದುತ್ತಾಳೆ.