ಆ ಫೋಟೋದಲ್ಲಿ ಮಹಾದೇವಿಯ ಬಾಯಲ್ಲಿದ್ದದ್ದು

ಮೆಸೇಜ್ ನೋಡಿ, ಬೇರೆ ಯಾರೋ ಮಹಾದೇವಿ ಇರಬೇಕು ಅಂದುಕೊಂಡೆ...
ಅವಳೂರು ಸಗರದಲ್ಲಿ ಮಹಾದೇವಿಯರಿಗೇನು ಕಡಿಮೆಯೇ.

ಬೆಳಿಗ್ಗೆ ಅದರ ಹಿಂದೆಯೇ ಅವಳ ತಂಗಿ ಫೋನ್ ಮಾಡಿದಳು.
"ಅಕ್ಕ ಹೋದ್ಳು," ಅಂದಳು.
ನಾನು "ಎಲ್ಲಿಗಿ?" ಅಂದೆ.

ಮೂರು ದಿನದ ಜ್ವರ. ಹೈದರಾಬಾದಿನ ಆಸ್ಪತ್ರೆಯಲ್ಲಿ ನಸುಕಿಗೆ ಮುಗಿದುಹೋಯಿತಂತೆ...
ಶಹಾಪುರದ ಕಾಲೇಜಿನಲ್ಲಿ ಮೂರು ವರ್ಷ ನನ್ನ ಪಕ್ಕ ಕೂತವಳು.
ನಾನು ಮಾತಾಡಬೇಕಾದಲ್ಲೆಲ್ಲ ನನ್ನ ಪರವಾಗಿ ಮಾತಾಡಿದವಳು.

ಆಂಬ್ಯುಲೆನ್ಸ್ ಗುರುಮಠಕಲ್ ದಾಟಿದೆ ಎಂದು ಈಗ ಮೆಸೇಜ್ ಬಂತು.
ಕೂತರೆ ಕೂರಲಾಗುತ್ತಿಲ್ಲ.
ನಾಲ್ಕು ಸಲ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿ ಬಂದೆ...

ಮಧ್ಯಾಹ್ನದಿಂದ ಒಂದು ಫೋಟೋ ಫೋನಿಂದ ಫೋನಿಗೆ ಓಡಾಡುತ್ತಿದೆ. ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ.
ಕರಿ ಶರ್ಟ್ ತೊಟ್ಟ ಮಹಾದೇವಿ. ಹಿಂದೆ ದೊಡ್ಡ ಕನ್ನಡಿ, ನೀಲಿ ಲೈಟು.
ಅವಳ ಹೆಗಲಿಗೆ ಬಾಗಿದ ಒಬ್ಬ ಮಾಡೆಲ್, ಬೆನ್ನು ಮುಚ್ಚದ ಗೌನ್.
ಮಹಾದೇವಿಯ ಹಲ್ಲಿನ ನಡುವೆ ಬೆಳ್ಳಗಿನದೇನೋ...
ಆಸ್ಪತ್ರೆಗೆ ಬಂದಿದ್ದ ಜೊತೆ ಕೆಲಸದವರಿಂದ ಅವಳು ಕೆಲಸ ಮಾಡುತ್ತಿದ್ದ ಜಾಗ ಊರಿಗೆ ಗೊತ್ತಾಗಿದೆ. ಯಾರೋ ಫೋಟೋದ ಕೆಳಗೆ ಬರೆದಿದ್ದಾರೆ: "ನೈಟ್‌ಕ್ಲಬ್‌ನಾಗ ಸೇದಿ ಸೇದಿ ಸತ್ತಳು."

ಅವಳ ಅಪ್ಪ ನನಗೆ ಫೋನ್ ಮಾಡಿದರು. ಅಳುತ್ತಿರಲಿಲ್ಲ.
"ಯವ್ವಾ, ನೀ ಅಕಿ ಕೂಡ ಹೈದ್ರಾಬಾದಿನಾಗ ಇದ್ದು ಬಂದಾಕಿ. ನನ್ನ ಮಗಳು ಏನ್ ಸೇದ್ತಿದ್ಳು?"
"ಕಾಕಾ..."
"ತಾಯಿಲ್ಲದ ಮನಿ. ಮೈ ತೊಳಿಯಾಕ ಓಣಿ ಹೆಂಗಸ್ರು ಬರವಲ್ರು. ಅಂಥಾಕಿ ಮೈ ನಾವು ಮುಟ್ಟಂಗಿಲ್ಲ ಅಂತಾರ. ಒಂದ್ ಮಾತ್ ಹೇಳವ್ವಾ."

ಲೈನ್ ಕಟ್ಟಾಯಿತು... ನಾನೇ ಕಟ್ ಮಾಡಿದೆನೋ ಏನೋ.

ಅದಕ್ಕೇ ಇಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಹೌದು, ಅವಳ ಕೆಲಸ ಕ್ಲಬ್‌ನಲ್ಲೇ. ಎಂಟನೇ ಮಹಡಿ.
ಫ್ಯಾಷನ್ ಶೋ ಮುಗಿಸಿದ ಮಾಡೆಲ್‌ಗಳು, ಡಿಸೈನರ್‌ಗಳು, ಅವರ ಬೆನ್ನಿಗೆ ಕ್ಯಾಮೆರಾದವರು ಬಂದು ತುಂಬಿಕೊಳ್ಳುವ ಜಾಗ.
ಬಾಗಿಲಿಗೆ ಅಡ್ಡ ಹಗ್ಗ ಹಿಡಿದು ನಿಂತ ಕಾವಲಿನವನು ಮೊದಲು ಬೂಟು ನೋಡುತ್ತಾನೆ, ಆಮೇಲೆ ಮುಖ.
ಇವಳಿದ್ದದ್ದು ಒಳಗಿನ ಲೇಡೀಸ್ ವಾಶ್‌ರೂಮಿನಲ್ಲಿ. ಒಂದು ಸ್ಟೂಲು, ಒಂದಿಷ್ಟು ಟವೆಲ್, ಒಂದು ಸೂಜಿ ಡಬ್ಬಿ.

ಮನೆಯಲ್ಲಿ ದೊಡ್ಡ ಹೋಟೆಲಿನಲ್ಲಿ ಹೊಲಿಗೆ ಕೆಲಸ ಎಂದು ಹೇಳಿದ್ದಳು.
"ಕ್ಲಬ್ ಅಂದ್ರ ನಮ್ಮಪ್ಪಗ ಇಸ್ಪೀಟ್ ಕ್ಲಬ್ ಅಷ್ಟ ಗೊತ್ತು. ಮಗಳು ಎಲಿ ಹಂಚಾಕತ್ಯಾಳ ಅಂತ ತಿಳ್ಕೊಂತಾನ. ನೀ ಯಾರಿಗೂ ಹೇಳಬ್ಯಾಡ."
ಹೇಳುವುದಿಲ್ಲ ಎಂದು ಆಣೆ ಮಾಡಿದ್ದೆ.

ಪರೀಕ್ಷೆ ಬರೆಯಲು ಹೈದರಾಬಾದಿಗೆ ಹೋಗಿ ಅವಳ ರೂಮಿನಲ್ಲಿ ಉಳಿದಿದ್ದಾಗ ಒಂದು ಸಂಜೆ ನನ್ನನ್ನೂ ಹಿಂಬಾಗಿಲಿನಿಂದ ಕರೆದೊಯ್ದಳು. ಸ್ಟೂಲು ನನಗೆ ಕೊಟ್ಟು ತಾನು ನಿಂತಳು.
ಗೋಡೆಯಾಚೆಯ ಮ್ಯೂಸಿಕ್ಕಿಗೆ ಬೇಸಿನ್ನಿನ ನೀರು ನಡುಗುತ್ತಿತ್ತು.
ಹೀಲ್ಸ್ ಕೈಯಲ್ಲಿ ಹಿಡಿದು ಬಂದವರು, ಜಿಪ್ ಕೆಟ್ಟವರು, ಹೊಲಿಗೆ ಬಿಟ್ಟವರು... ಎಲ್ಲರೂ ಇವಳ ಮುಂದೆ.
"ಇವ್ರ ಬಟ್ಟಿ ನಮ್ಮ ಕೌದಿ ತುಂಡಿನಷ್ಟೂ ಇರಂಗಿಲ್ಲ. ಹೊಲಿಗಿ ಮಾತ್ರ ಎಲ್ಲಾ ಕಡಿ ಬಿಚ್ಚತಾವ," ಎಂದು ನನ್ನ ಕಿವಿಯಲ್ಲಿ ಹೇಳಿ ಮುಖ ಗಂಭೀರ ಮಾಡಿಕೊಂಡಳು.

ಮಹಾದೇವಿ... ಆ ಎತ್ತರದ ಹುಡುಗಿ ನೆನಪಿದ್ದಾಳೆಯೇ ನಿನಗೆ?
ಸೊಂಟದ ಹತ್ತಿರ ಗೌನ್ ಹರಿದಿತ್ತು. ಬಿಚ್ಚಲು ಟೈಮಿಲ್ಲ, ಹೀಗೇ ಹೊಲಿ ಎಂದಳು.
ನೀನು ಸೂಜಿ ಕೆಳಗಿಟ್ಟೆ.
ಮೊದಲು ಬಾಯಲ್ಲಿ ದಾರ ಕಚ್ಚಬೇಕು ಎಂದು ನಿನ್ನ ಮುರುಕು ಹಿಂದಿಯಲ್ಲಿ ಹಟ ಹಿಡಿದೆ.
ನನ್ನ ಕಡೆ ತಿರುಗಿ, "ಉಟ್ಟ ಬಟ್ಟಿ ಮೈಮ್ಯಾಲ ಹೊಲಿಯೋದು ಹೆಣಕ್ಕ ಮಾತ್ರ ಅಂತಿದ್ಳು ನಮ್ಮವ್ವ. ಬಾಯಾಗ ದಾರ ಇದ್ರ ಜೀವ ಅದ ಅಂತ ಗುರುತು," ಅಂದೆ.
ಆ ಹುಡುಗಿ ದಾರ ಕಚ್ಚಿಕೊಂಡು, ಮಾತಾಡಲಾಗದೆ, ಕಣ್ಣಲ್ಲೇ ನಗುತ್ತ ನಿಂತಳು...

ಆಮೇಲೆ ಟವೆಲ್ ತೆಗೆಯಲು ನೀನು ಕೈ ಎತ್ತಿದೆ, ನಿನ್ನ ಶರ್ಟಿನ ಹೆಗಲೇ ಬಿಟ್ಟುಕೊಂಡಿತು.
ಈಗ ನನ್ನ ಸರದಿ ಎಂದು ಅವಳು ಸೂಜಿ ಕಸಿದುಕೊಂಡಳು.
ನೀನು ಬಿಳಿ ದಾರವನ್ನು ನಾಲ್ಕು ಮಡಿಕೆ ಸುತ್ತಿ ಹಲ್ಲಲ್ಲಿ ಕಚ್ಚಿದೆ. ಹಲ್ಲು ಬಿಡದೆಯೇ ಗೊಣಗಿದೆ:
"ಏ ಮಳ್ಳಿ, ಏನ್ ನೋಡ್ತಿ... ಫೋಟೋ ಹೊಡಿ."

ಹೊಡೆದೆ.
ನಮ್ಮ ಕ್ಲಾಸ್ ಗ್ರೂಪಿಗೆ ಹಾಕಿದವಳೂ ನಾನೇ.
ಎಲ್ಲಿ, ಏನು ಎಂದು ಬರೆಯುವಂತಿರಲಿಲ್ಲ, ಆಣೆಯಿತ್ತು. ಹಾಗಾಗಿ ಬರೀ ಒಂದು ನಗುವ ಇಮೋಜಿ.
ಬಾಯಲ್ಲಿರುವುದು ದಾರ ಎಂದಾದರೂ ಬರೆಯಬಹುದಿತ್ತು... ಸಾಹಿತ್ಯ ಓದಿದವಳು ನಾನು. ಒಂದು ಸಾಲೂ ಬರೆಯಲಿಲ್ಲ.

ಓಣಿಯ ಅಕ್ಕಂದಿರೇ, ಚಿಗವ್ವಂದಿರೇ...
ಆ ಫೋಟೋ ದೊಡ್ಡದು ಮಾಡಿ ನೋಡಿ.
ಅಂಗಿ ಹರಿದುಕೊಂಡು ಬಂದ ಮಗುವಿಗೆ ಮೈಮೇಲೇ ನಾಲ್ಕು ಹೊಲಿಗೆ ಹಾಕುವಾಗ ನೀವೇ ಬಾಯಿಗೆ ಕೊಡುತ್ತೀರಲ್ಲ, ಅದೇ ದಾರ.
ನಿಮಗೆ ಕನ್ನಡಿ ಕಂಡಿತು, ಲೈಟು ಕಂಡಿತು, ಇನ್ನೊಬ್ಬಳ ಬರಿಬೆನ್ನು ಕಂಡಿತು.
ನಿಮ್ಮದೇ ಪದ್ಧತಿ ಕಾಣಲಿಲ್ಲ.

ಕ್ಲಬ್‌ನಲ್ಲಿ ಅವಳು ಹರಿದದ್ದನ್ನು ಹೊಲಿಯುತ್ತಿದ್ದಳು. ಮುಚ್ಚಿಡುವಂಥದ್ದು ಅಲ್ಲೇನೂ ಇರಲಿಲ್ಲ.
ಇದನ್ನು ಕಾಕಾ ಕೇಳಿದಾಗಲೇ ಹೇಳಬೇಕಿತ್ತು ನಾನು.

ನಾಳೆ ಬೆಳಿಗ್ಗೆ ಮಣ್ಣು.
ಈಗ ಸಗರಕ್ಕೆ ಹೊರಟಿದ್ದೇನೆ. ಕಾಕಾನ ಎದುರು ನಿಂತು ಹೇಳುತ್ತೇನೆ. ದನಿ ಬಾರದಿದ್ದರೆ ಇದನ್ನೇ ಓದುತ್ತೇನೆ.
ಆಮೇಲೆ ನೀರು ಕಾಯಿಸಲು ಒಲೆ ಹಚ್ಚುತ್ತೇನೆ.
ನಾನು, ಅವಳ ತಂಗಿ... ಇಬ್ಬರಿದ್ದೇವೆ.
ಇಬ್ಬರಿಂದ ಆಗುವ ಕೆಲಸವಲ್ಲ ಅಂತಾರೆ. ಆದರೂ ಮಾಡುತ್ತೇವೆ.
ಬರುವವರು ಬನ್ನಿ.

ಮಹಾದೇವಿ... ಬಹಳ ದೂರದಿಂದ ಬರುತ್ತಿದ್ದೀ.
ನಿನ್ನ ಜೀವ ನಮ್ಮ ಮಣ್ಣಲ್ಲಿ ತಣ್ಣಗೆ ಮಲಗಲಿ.